ಕವಚವೂ ಕೋಟೆಯೂ

ಹೋದ ಭಾನುವಾರ ಸಂಜೆ ಜೀವನ್ ಬಿಮಾ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಿಚಾರಣೆ ನಡೆಯಿತು. ಆರೋಪಿಯ ಸ್ಥಾನದಲ್ಲಿದ್ದವರು ನನ್ನ ತಾಯಿಯವರು. ದೂರುದಾರ ಅವರ ಮೊಮ್ಮಗ, ಎಂದರೆ ನನ್ನ ತಂಗಿಯ ಮಗ, ಹದಿನಾಲ್ಕು ವರ್ಷದ ಬಾಲಕ. ಸಾಕ್ಷ್ಯವಾಗಿ ನೆಲದ ಮೇಲೆ ಬಿದ್ದಿದ್ದುದು ಕಾಲಿಗೆ ಕಟ್ಟುವ ಒಂದು ಜೊತೆ ಪ್ಯಾಡು. ಉತ್ತರಪತ್ರಿಕೆಗಳ ಕಟ್ಟೊಂದನ್ನು ಬಿಚ್ಚಿಕೊಂಡು, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತಿದ್ದೆನಾದ್ದರಿಂದ ನ್ಯಾಯಾಧೀಶನ ಪದವಿ ತಾನಾಗಿಯೇ ನನಗೆ ಬಂತು.

ಸಂಗತಿ ಇಷ್ಟು. ಹುಡುಗ ತನ್ನ ಶಾಲೆಯ ಹಾಕಿ ತಂಡದ ಗೋಲ್‌ಕೀಪರ್. ಹಿಂದಿನ ವರ್ಷ ಶಾಲೆ ಬಿಟ್ಟ ಹಿರಿಯ ಹುಡುಗನೊಬ್ಬನ ಪ್ಯಾಡುಗಳು ಇವನ ಪಾಲಿಗೆ ಬಂದಿದ್ದುವು. ಅವುಗಳ ಅಂಚು ಒಡೆದು, ಒಳಗಿನ ಫೋಮು ಚೂರುಚೂರಾಗಿ ಉದುರುತ್ತಿತ್ತು. ಮೊಮ್ಮಗನ ಮೊಣಕಾಲ ಕೆಳಗೆ ಕಪ್ಪುಗಟ್ಟಿದ್ದ ಒಂದು ಗಾಯವನ್ನು ಕಂಡ ನನ್ನ ತಾಯಿಯವರು ಯಾರಿಗೂ ಹೇಳದೆ ಹಳೆಯ ಹಾಸಿಗೆಯ ಹತ್ತಿಯನ್ನು ತೆಗೆದು, ಕ್ಯಾನ್ವಾಸು ಚೀಲವೊಂದನ್ನು ಕತ್ತರಿಸಿ, ಪ್ಯಾಡಿನ ಎರಡು ಅಂಚಿಗೂ ಸೊಗಸಾದ ಗೋಟು ಹೊಲಿದುಬಿಟ್ಟರು. ದಪ್ಪ ಸೂಜಿ, ಇಮ್ಮಡಿ ದಾರ. ಹೊಲಿಗೆಯ ವಿಷಯದಲ್ಲಿ ಅವರ ಕೈ ಇಂದಿಗೂ ನಡುಗುವುದಿಲ್ಲ.

ಶನಿವಾರದ ಪಂದ್ಯದಲ್ಲಿ ಎದುರು ಶಾಲೆಯ ಮೇಷ್ಟರು ಪ್ಯಾಡನ್ನು ದಿಟ್ಟಿಸಿ ನೋಡಿ ಅಂಪೈರರ ಕಿವಿಯಲ್ಲಿ ಏನೋ ಹೇಳಿದರಂತೆ. ಅಂಪೈರರು ಟೇಪು ತರಿಸಿ ಅಳೆದರು. 320 ಮಿಲಿಮೀಟರು. ನಿಯಮದಲ್ಲಿ ಇರುವುದು 300. ಬೇರೆ ಪ್ಯಾಡು ಕಟ್ಟಿಕೊ, ಇಲ್ಲವೆ ಹೊರಗೆ ಕುಳಿತುಕೊ ಎಂದರು. ಎದುರು ತಂಡದವರೇ ತಮ್ಮ ಹೆಚ್ಚಿನ ಜೊತೆಯೊಂದನ್ನು ಕೊಟ್ಟರು, ಅದು ಇವನ ಕಾಲಿನಲ್ಲಿ ನಿಲ್ಲದೆ ಸುತ್ತು ಹೊಡೆಯಿತು, ಎರಡು ಗೋಲಾಯಿತು, ಸೋತರು. ಇದಿಷ್ಟನ್ನೂ ಹುಡುಗ ನುಂಗಿಕೊಂಡಿದ್ದನೇನೊ. ಆದರೆ ಆಟ ಮುಗಿದ ಮೇಲೆ ಅವರಲ್ಲೊಬ್ಬ ಹುಡುಗ ‘ಮೋಸದ ಗೋಲಿ’ ಎಂದು ಕೂಗಿದ್ದನಂತೆ. ಅದು ಮಾತ್ರ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

“ಮಾವ, ಅಜ್ಜಿ ಮಾಡಿದ್ದು ತಪ್ಪು ಅಂತ ನೀವೇ ಹೇಳಿ” ಎಂದ.

ನನ್ನ ತಾಯಿಯವರು ಸುಮ್ಮನಿರುವವರಲ್ಲ. “ಮಗುವಿನ ಕಾಲಿಗೆ ಪೆಟ್ಟಾಗಬಾರದು ಅಂತ ಎರಡು ಹಿಡಿ ಹತ್ತಿ ತುಂಬಿದರೆ ಅದು ಮೋಸವೇನೋ? ನೀನು ಕಾಲೇಜಿನಲ್ಲಿ ಪಾಠ ಹೇಳುವವನು, ಹೇಳು. ಎರಡು ಬೆರಳಗಲಕ್ಕೆ ಯಾರ ಗಂಟು ಹೋಯಿತು?”

ಕಷ್ಟದ ಪ್ರಶ್ನೆ. ಇದೇ ಎರಡು ಬೆರಳಗಲದ ವ್ಯಾಜ್ಯ ಅಮೆರಿಕ, ಕೆನಡ ದೇಶಗಳಲ್ಲಿ ಸುಮಾರು ನೂರು ವರ್ಷಗಳಿಂದ ನಡೆಯುತ್ತಿದೆ ಎಂದು ನಾನು ಹೇಳಿದಾಗ ನನ್ನ ತಾಯಿಯವರ ಮುಖದಲ್ಲಿ ಮೊದಲ ಬಾರಿಗೆ ಸ್ವಲ್ಪ ಕುತೂಹಲ ಕಂಡಿತು.

ಅಲ್ಲಿ ಹಾಕಿ ಎಂದರೆ ಹಿಮದ ಹಾಕಿ. ನೀರ್ಗಲ್ಲಿನ ನೆಲ, ಕಾಲಿಗೆ ಸ್ಕೇಟು. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಅದರ ಹೆಸರು ಪಕ್. ಮೂರು ಅಂಗುಲ ಅಡ್ಡಳತೆ, ಒಂದು ಅಂಗುಲ ದಪ್ಪ, ಐದೂವರೆಯಿಂದ ಆರು ಔನ್ಸು ತೂಕ. ವಿನೋದವೇನೆಂದರೆ ನಮ್ಮ ಹಾಕಿಯ ಚೆಂಡಿನ ತೂಕವೂ, ಕ್ರಿಕೆಟ್ ಚೆಂಡಿನ ತೂಕವೂ ಐದೂವರೆಯಿಂದ ಐದೂಮುಕ್ಕಾಲು ಔನ್ಸಿನ ನಡುವೆಯೇ. ಮೂರು ಆಟಗಳು ಮೂರು ದಾರಿ ಹಿಡಿದರೂ ಮನುಷ್ಯನ ಮೊಣಕಾಲಿಗೆ ಬೀಳುವ ಪೆಟ್ಟಿನ ತೂಕದಲ್ಲಿ ಒಮ್ಮತವಿದೆ. ಆದುದರಿಂದಲೇ ಇರಬೇಕು, ಕವಚವೂ ಒಂದೇ ಮನೆತನದ್ದು. 1896ರ ಫೆಬ್ರವರಿ 14ರಂದು ವಿನ್ನಿಪೆಗ್ ನಗರದ ತಂಡದ ಗೋಲಿ ಜಾರ್ಜ್ ಮೆರಿಟ್ ಸ್ಟ್ಯಾನ್ಲಿ ಕಪ್ ಪಂದ್ಯಕ್ಕೆ ಬಂದಾಗ ಅವನ ಕಾಲಲ್ಲಿದ್ದುದು ಬಿಳಿಯ ಕ್ರಿಕೆಟ್ ಪ್ಯಾಡು! ನೋಡಿದವರು ಬೆರಗಾದರು, ಪಂದ್ಯ ಅವನ ತಂಡದ್ದಾಯಿತು, ಉಳಿದವರೂ ಕಟ್ಟಿಕೊಂಡರು.

ಕ್ರಿಕೆಟ್ ಪ್ಯಾಡು ಕಾಲಿನ ಆಕಾರಕ್ಕೆ ಬಾಗಿರುತ್ತದೆ. ಬಿಲ್ಲೆ ಅದಕ್ಕೆ ತಾಗಿ ಓರೆಯಾಗಿ ಜಾರಿ ಗೋಲಿನೊಳಕ್ಕೇ ಹೋಗುವುದುಂಟು. ಹ್ಯಾಮಿಲ್ಟನ್ ಎಂಬ ಊರಿನಲ್ಲಿ ಎಮಿಲ್ ಕೆನೆಸ್ಕಿ ಎಂಬವರು ಕುದುರೆಗಳ ಜೀನು, ಪಟ್ಟಿಗಳನ್ನು ಹೊಲಿಯುವ ಕಸಬಿನವರು. ಈ ಓರೆ ಜಾರುವಿಕೆಯನ್ನು ಕಂಡ ಅವರು ಪ್ಯಾಡನ್ನು ಚಪ್ಪಟೆ ಮಾಡಿ, ಅಗಲ ಮಾಡಿ, ತೊಗಲಿನ ಹೊದಿಕೆಯೊಳಗೆ ಬೂರುಗದ ಹತ್ತಿಯಂಥ ಅರಳೆಯನ್ನೂ ರೋಮವನ್ನೂ ತುಂಬಿ ಹೊಲಿದರು. 1920ರ ದಶಕದ ಮಾತು. “ನೋಡಿದೆಯಾ, ಅವರೂ ಹತ್ತಿಯನ್ನೇ ತುಂಬಿದ್ದು!” ಎಂದು ನನ್ನ ತಾಯಿಯವರು ಮೊಮ್ಮಗನ ಕಡೆ ತಿರುಗಿ ಗೆದ್ದವರಂತೆ ನಕ್ಕರು.

ಹೌದು, ಹತ್ತಿಯನ್ನೇ. ಆದರೆ ಅಗಲ ಹೆಚ್ಚಿದೊಡನೆ ಅಲ್ಲಿನ ನ್ಯಾಷನಲ್ ಹಾಕಿ ಲೀಗಿನವರಿಗೆ ನಿದ್ದೆ ಕೆಟ್ಟಿತು. 1925ರಲ್ಲಿ, ಪ್ಯಾಡು 12 ಅಂಗುಲ ಮೀರಕೂಡದೆಂದರು. ಎರಡೇ ವರ್ಷದಲ್ಲಿ ಅದನ್ನು 10 ಅಂಗುಲಕ್ಕೆ ಇಳಿಸಿದರು. ಇಷ್ಟು ಅವಸರವೇಕೆ ಎಂದು ತಿಳಿಯಲು ಗೋಲಿನ ಅಳತೆಯನ್ನು ನೆನೆಯಬೇಕು. ನಮ್ಮ ಹಾಕಿಯ ಗೋಲು 12 ಅಡಿ ಅಗಲ, 7 ಅಡಿ ಎತ್ತರ. ಹಿಮದ ಹಾಕಿಯದು 6 ಅಡಿ ಅಗಲ, 4 ಅಡಿ ಎತ್ತರ. ಗುಣಿಸಿ ನೋಡಿದರೆ ನಮ್ಮದು 84 ಚದರಡಿ, ಅವರದು 24. ಹನ್ನೆರಡು ಅಂಗುಲದ ಎರಡು ಪ್ಯಾಡುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಆರಡಿಯಲ್ಲಿ ಎರಡಡಿ ಮುಚ್ಚಿತು. ಅಲ್ಲಿ ನಿಂತಿರುವುದು ಆಟಗಾರನೊ ಗೋಡೆಯೊ ಎಂದು ಕೇಳುವಂತಾಯಿತು.

ಹತ್ತು ಅಂಗುಲದ ಆ ನಿಯಮ ಅರುವತ್ತು ವರ್ಷಗಳ ಮೇಲೆ ಬಾಳಿತು. ಅದಕ್ಕೆ ಕಾರಣ ನಿಯಮದ ಬಿಗಿ ಮಾತ್ರವಲ್ಲವೆಂದು ನನಗೆ ತೋರುತ್ತದೆ. ತೊಗಲು, ರೋಮ, ಹತ್ತಿ, ಇವು ಆಟ ಮುಂದುವರಿದಂತೆ ನೀರು ಕುಡಿದು ಭಾರವಾಗುತ್ತಿದ್ದುವು. ಪ್ಯಾಡನ್ನು ಒಂದಂಗುಲ ಹೆಚ್ಚಿಸಿದವನು ಅದರ ಭಾರವನ್ನೂ ಹೊತ್ತು ನಡೆಯಬೇಕಾಗಿತ್ತು. ದುರಾಸೆಗೆ ಭಾರವೇ ದಂಡ. 1980ರ ದಶಕದಲ್ಲಿ ಫೋಮೂ ಕೃತಕ ತೊಗಲೂ ಬಂದುವು. ಪ್ಯಾಡು ಹಗುರವಾಯಿತು, ನೀರು ಹೀರದಾಯಿತು; ಅಗಲಕ್ಕೆ ಇದ್ದ ಆ ಸಹಜವಾದ ಅಂಕುಶ ಕಳಚಿಬಿತ್ತು. 1989ರಲ್ಲಿ ಲೀಗಿನವರು ತಾವಾಗಿಯೇ 12 ಅಂಗುಲಕ್ಕೆ ಮತ್ತೆ ಒಪ್ಪಿದರು. ಆ ಮೇಲೆ ಕೇಳಬೇಕೆ? ಭುಜದ ಮೇಲೆ ಗೋಪುರ, ಎದೆಯ ಮೇಲೆ ಜಗಲಿ, ಚಡ್ಡಿಯೋ ಗುಡಾರ. ಇದಕ್ಕೂ ಮೊದಲೇ ಟೋನಿ ಎಸ್ಪೊಸಿಟೊ ಎಂಬ ಹೆಸರಾಂತ ಗೋಲಿ ತನ್ನ ಎರಡು ತೊಡೆಗಳ ನಡುವೆ ಚಡ್ಡಿಗೆ ಎಲಾಸ್ಟಿಕ್ ಬಲೆ ಹೊಲಿಸಿಕೊಂಡಿದ್ದನೆಂದೂ, ಕಾಲುಗಳ ನಡುವೆ ತೂರಬೇಕಾದ ಬಿಲ್ಲೆ ಅಂಗಳದ ನಡುವಿಗೆ ಪುಟಿದು ಬಂದು ಎಲ್ಲರೂ ಕಣ್ಣು ಕಣ್ಣು ಬಿಟ್ಟರೆಂದೂ ಹೇಳುತ್ತಾರೆ. ಆ ಬಲೆಯನ್ನು ನಿಷೇಧಿಸಿದರೆಂದು ಬೇರೆ ಹೇಳಬೇಕಾಗಿಲ್ಲ.

ಫಲವೇನಾಯಿತು? 1981-82ರಲ್ಲಿ ಪಂದ್ಯವೊಂದಕ್ಕೆ ಎರಡು ತಂಡಗಳೂ ಸೇರಿ ಸರಾಸರಿ ಎಂಟು ಗೋಲು ಹೊಡೆಯುತ್ತಿದ್ದುವು. 2003-04ರ ವೇಳೆಗೆ ಅದು ಐದಕ್ಕೆ ಇಳಿದಿತ್ತು. ಎಲ್ಲವೂ ಪ್ಯಾಡಿನ ಪಾಪವೆನ್ನಲು ಬಾರದು. ಗೋಲಿಗಳು ಮಂಡಿಯೂರಿ ಕಾಲುಗಳನ್ನು ಚಿಟ್ಟೆಯ ರೆಕ್ಕೆಯಂತೆ ಹರಡಿ ನೆಲವನ್ನು ಮುಚ್ಚುವ ವಿದ್ಯೆ ಕಲಿತರು, ತರಬೇತಿ ಸುಧಾರಿಸಿತು, ಆಳುಗಳೇ ಎತ್ತರವಾದರು. ಆದರೂ ಹಣ ಕೊಟ್ಟು ಬಂದ ಜನ ಹಾಸಿಗೆಯ ಮೇಲೆ ಬಿಲ್ಲೆ ಬೀಳುವುದನ್ನು ನೋಡಿ ಬೇಸತ್ತಿದ್ದರು. 2005ರಲ್ಲಿ ಪ್ಯಾಡಿನ ಅಗಲವನ್ನು 11 ಅಂಗುಲಕ್ಕೆ ತಂದರು. 2013ರಲ್ಲಿ ಮಂಡಿಯ ಮೇಲೆ ಏರುವ ಭಾಗವನ್ನು ಮೊಟಕು ಮಾಡಿದರು, ಅದೂ ಒಬ್ಬೊಬ್ಬನ ಮಂಡಿಯಿಂದ ಸೊಂಟದವರೆಗಿನ ಅಳತೆ ಹಿಡಿದು, ಅದರ ಇಂತಿಷ್ಟು ಪಾಲೆಂದು. 2017ರಲ್ಲಿ ಚಡ್ಡಿ ತೊಡೆಯ ಆಕಾರಕ್ಕೆ ಹೊಂದಬೇಕೆಂದರು. 2018ರಲ್ಲಿ ಎದೆಗಾಪಿನ ಸರದಿ ಬಂತು. ದರ್ಜಿಯ ಅಂಗಡಿಯೂ ಇಷ್ಟು ಟೇಪು ಹಿಡಿದಿರಲಾರದು. 2018-19ರಲ್ಲಿ ಗೋಲುಗಳು ಮತ್ತೆ ಆರರ ಹತ್ತಿರಕ್ಕೆ ಬಂದುವು.

ಪ್ಯಾಡನ್ನು ಕತ್ತರಿಸುವ ಬದಲು ಗೋಲನ್ನೇ ದೊಡ್ಡದು ಮಾಡಿಬಿಡಿ ಎಂದ ತರಬೇತುದಾರರೂ ಇದ್ದರು. ಹೊಟ್ಟೆ ಬೆಳೆಯಿತೆಂದು ಬಾಗಿಲು ಒಡೆದು ಅಗಲಿಸುವ ಸಲಹೆ ಇದು. ಲೀಗಿನವರು ಕಿವಿಗೊಡದಿದ್ದುದು ಒಳ್ಳೆಯದಾಯಿತು.

ಇಲ್ಲಿಗೆ ನನ್ನ ತಾಯಿಯವರು ತಡೆದರು. “ಎದೆಗಾಪನ್ನು ತೆಳ್ಳಗೆ ಮಾಡಿದಾಗ ಆ ಹುಡುಗರಿಗೆ ಪೆಟ್ಟಾಗಲಿಲ್ಲವೆ?”

ಆಯಿತು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹೊಸ ಎದೆಗಾಪು ಬಂದ ವರ್ಷ ಹಲವು ಗೋಲಿಗಳು ತೋಳೂ ಪಕ್ಕೆಯೂ ಕಂದಿದುವೆಂದು ಬಹಿರಂಗವಾಗಿಯೇ ದೂರಿದರು. ಗಂಟೆಗೆ ನೂರೈವತ್ತು ಕಿಲೋಮೀಟರು ವೇಗದಲ್ಲಿ ಬರುವ ರಬ್ಬರ್ ಬಿಲ್ಲೆಗೆ ಎದೆಯೊಡ್ಡುವವನ ಮಾತನ್ನು, ಬೆಚ್ಚಗೆ ಕುಳಿತು ಟೇಪು ಹಿಡಿದವನು ಹಗುರವಾಗಿ ತಳ್ಳಿಹಾಕಲಾಗದು. ಹಿಂದೆ ಒಮ್ಮೆ ಹಾಗೆ ತಳ್ಳಿಹಾಕಿದ ಕಥೆಯೂ ಇದೆ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಝಾಕ್ ಪ್ಲಾಂಟ್ ಎಂಬ ಗೋಲಿಯ ಮುಖಕ್ಕೆ ಬಿಲ್ಲೆ ಬಡಿದು ರಕ್ತ ಹರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದು, ಮುಖವಾಡ ಕಟ್ಟಿಕೊಳ್ಳಲು ಬಿಟ್ಟರೆ ಮಾತ್ರ ಆಡುತ್ತೇನೆಂದು ಅವನು ಹಟ ಹಿಡಿದ. ಮುಖ ಮುಚ್ಚಿದವನ ಧೈರ್ಯ ಕುಗ್ಗುತ್ತದೆಂದು ಆವರೆಗೆ ಅವನ ತರಬೇತುದಾರರು ಬೇಡವೆನ್ನುತ್ತಿದ್ದರು. ಇಂದು ಮುಖವಾಡವಿಲ್ಲದ ಗೋಲಿಯನ್ನು ಕಣಕ್ಕೆ ಬಿಡುವವರಿಲ್ಲ. ಮುಖವಾಡ ಯಾರ ಗೋಲನ್ನೂ ಚಿಕ್ಕದು ಮಾಡಲಿಲ್ಲ. ಒಬ್ಬನ ಕಣ್ಣು ಮೂಗುಗಳನ್ನು ಉಳಿಸಿತು, ಅಷ್ಟೆ.

ನಮ್ಮ ಕಡೆಗೂ ಈ ಮಾತು ಸಲ್ಲುತ್ತದೆ. ನಮ್ಮ ಮನೆಯಿಂದ ಕೂಗಳತೆಯೆನ್ನಬಹುದಾದ ಎಚ್.ಎ.ಎಲ್. ತಂಡದಲ್ಲಿಯೂ, ಬೆಂಗಳೂರಿನ ಸೇನಾ ತಂಡದಲ್ಲಿಯೂ ಆಡಿದ ಮ್ಯಾನ್ಯುಅಲ್ ಫ್ರೆಡೆರಿಕ್ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರರು. ತಲೆಗಾಪು ರೂಢಿಗೆ ಬಾರದ ಕಾಲ ಅದು. ಅವರು ಹಣೆಯಿಂದಲೇ ಚೆಂಡು ತಡೆಯುತ್ತಿದ್ದರೆಂಬುದು ದಂಡಿನ ಹಾಕಿ ಮೈದಾನಗಳಲ್ಲಿ ಇಂದಿಗೂ ಹೇಳುವ ಮಾತು. ಕೇಳಲು ರೋಮಾಂಚನ, ಆದರೆ ನಮ್ಮ ಮನೆಯ ಹುಡುಗ ಹಾಗೆ ಮಾಡುವೆನೆಂದರೆ ಯಾರು ಒಪ್ಪುತ್ತೇವೆ? 1992ರ ಬಾರ್ಸಿಲೋನದಲ್ಲಿ ಗೋಲು ಕಾಯಲು ಹೋದ ಸುಬ್ಬಯ್ಯ, ಪೂಣಚ್ಚ ಇಬ್ಬರೂ ಕೊಡಗಿನವರು. 1998ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಕೊರಿಯದವರ ಪೆನಾಲ್ಟಿ ಹೊಡೆತಗಳನ್ನು ತಡೆದು, ಮೂವತ್ತೆರಡು ವರ್ಷಗಳ ಮೇಲೆ ಭಾರತಕ್ಕೆ ಚಿನ್ನ ತಂದುಕೊಟ್ಟ ಆಶಿಶ್ ಬಲ್ಲಾಳ್ ನಮ್ಮ ಬೆಂಗಳೂರಿನವರು. ಇವರ ಕಾಲಕ್ಕೆ ಹಗುರವಾದ ಫೋಮಿನ ಪ್ಯಾಡು ನಮ್ಮಲ್ಲೂ ಬಂದಿತ್ತು. ಹಳೆಯ ಪ್ಯಾಡಿಗೆ ತಾಗಿದ ಚೆಂಡು ಸತ್ತು ಕಾಲಬಳಿ ಬೀಳುತ್ತಿತ್ತು. ಹೊಸದಕ್ಕೆ ತಾಗಿದ್ದು ಚಿಮ್ಮಿ ದೂರ ಹೋಗುತ್ತದೆ. ಹಗುರವಾದದ್ದು ಅಗಲವಾಗಲು ಹಾತೊರೆಯುತ್ತದೆ ಎಂಬ ಹಿಮದ ಹಾಕಿಯ ಪಾಠ ಇಲ್ಲಿಯೂ ಬೇಕಾಯಿತು.

ಆದುದರಿಂದಲೇ ಅಂತಾರಾಷ್ಟ್ರೀಯ ಹಾಕಿ ಫೆಡರೇಷನ್ನಿನ ನಿಯಮಾವಳಿ ಅಳತೆಗಳನ್ನು ಹೇಳುತ್ತದೆ. ಕಾಲಿನ ಪ್ಯಾಡು, ಕಾಲಿಗೆ ಕಟ್ಟಿದಾಗ, 300 ಮಿಲಿಮೀಟರು ಅಗಲ ಮೀರಬಾರದು. ಕೈಗಾಪು, ಚಪ್ಪಟೆಯಾಗಿ ಇಟ್ಟಾಗ, 228 ಮಿಲಿಮೀಟರು ಅಗಲವನ್ನೂ 355 ಮಿಲಿಮೀಟರು ಉದ್ದವನ್ನೂ ದಾಟಬಾರದು. (ಒಂದನ್ನು ಕಟ್ಟಿ ಅಳೆಯಬೇಕು, ಇನ್ನೊಂದನ್ನು ಬಿಚ್ಚಿ ಅಳೆಯಬೇಕು. ವ್ಯಾಕರಣದ ಅಪವಾದ ಸೂತ್ರಗಳಿಗೇ ನಾವು ಕೆಟ್ಟ ಹೆಸರು ಕೊಡುತ್ತೇವೆ!) ಈ ಅಂಕಿಗಳಿಗಿಂತ ನನಗೆ ಹಿಡಿಸಿದುದು ಅಲ್ಲಿರುವ ಇನ್ನೊಂದು ಮಾತು: ಗೋಲ್‌ಕೀಪರನ ದೇಹದ ಸಹಜ ಗಾತ್ರವನ್ನಾಗಲಿ ಅವನು ಕಾಯುವ ವಿಸ್ತಾರವನ್ನಾಗಲಿ ಗಣನೀಯವಾಗಿ ಹಿಗ್ಗಿಸುವ ಯಾವ ಉಡುಪಿಗೂ ಸಲಕರಣೆಗೂ ಅವಕಾಶವಿಲ್ಲವೆಂಬುದು.

ಸಹಜ ಗಾತ್ರ ಎಂಬಲ್ಲಿಗೆ ಬಂದಾಗ ಕನ್ನಡ ಮೇಷ್ಟರಿಗೆ ಕರ್ಣನ ನೆನಪು ಬಾರದಿದ್ದೀತೆ? ಅವನದು ಸಹಜ ಕವಚ. ಹುಟ್ಟಿನಿಂದಲೇ ಮೈಗಂಟಿ ಬಂದದ್ದು. ಅದು ಕರ್ಣನ ಮೈಯನ್ನು ಮಾತ್ರ ಕಾಯುತ್ತಿತ್ತು. ಮೈಯನ್ನು ಮೀರಿ ಒಂದು ಅಂಗುಲವೂ ಆಚೆ ಚಾಚಿರಲಿಲ್ಲ. ದ್ರೋಣರು ಸೈಂಧವನನ್ನು ಕಾಯಲು ಸೇನೆಯನ್ನು ಸುತ್ತು ಸುತ್ತಾಗಿ ನಿಲ್ಲಿಸಿದರಲ್ಲ, ಅದು ಬೇರೆಯ ಜಾತಿ. ಅದು ದಾರಿಯನ್ನೇ ಮುಚ್ಚುವ ಉಪಾಯ. ಒಂದು ಕವಚ, ಇನ್ನೊಂದು ಕೋಟೆ. ಕೋಟೆಯನ್ನು ಕಾಲಿಗೆ ಕಟ್ಟಿಕೊಂಡು ಬಂದು ಇದು ಕವಚವೆನ್ನುವುದೇ ಈ ನೂರು ವರ್ಷಗಳ ವ್ಯಾಜ್ಯದ ಮೂಲ. ಕ್ರಿಕೆಟ್ಟಿನಲ್ಲೂ 1771ರಲ್ಲಿ ಥಾಮಸ್ ವೈಟ್ ಎಂಬವನು ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದುದರಿಂದಲೇ ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲವೆಂದು ನಿಗದಿಯಾದುದು. ಇಂದಿಗೂ ಅದೇ ಅಳತೆ.

“ಅದೆಲ್ಲ ಸರಿ” ಎಂದರು ನನ್ನ ತಾಯಿಯವರು, “ನಾನೇನು ಕೋಟೆ ಕಟ್ಟಲು ಹೋದೆನೆ? ಹೊಸ ಪ್ಯಾಡು ಕೊಡಿಸಿದ್ದರೆ ಸೂಜಿ ಯಾಕೆ ಹಿಡಿಯುತ್ತಿದ್ದೆ?”

ಈ ಬಾಣ ನನಗೂ ನನ್ನ ಭಾವನವರಿಗೂ ಬಿಟ್ಟದ್ದು, ಗುರಿ ತಪ್ಪಲಿಲ್ಲ. ಹಾಕಿ ಆಡುವ ಉಳಿದ ಹತ್ತು ಮಂದಿಗೆ ಒಂದು ಕೋಲು, ಒಂದು ಜೊತೆ ಬೂಟು ಆದರೆ ಹೆಚ್ಚು ಕಡಮೆ ಸಾಕು. ಗೋಲ್‌ಕೀಪರನಿಗೆ ಹೆಲ್ಮೆಟ್ಟು, ಎದೆಗಾಪು, ಕೈಗಾಪು, ಪ್ಯಾಡು, ಪಾದಕ್ಕೆ ಕಟ್ಟುವ ಕಿಕ್ಕರು, ಇಷ್ಟೂ ಬೇಕು. ಟೋಕಿಯೊ, ಪ್ಯಾರಿಸ್ ಎರಡು ಒಲಿಂಪಿಕ್ಸಿನಲ್ಲೂ ಕಂಚು ಗೆದ್ದ ಪಿ. ಆರ್. ಶ್ರೀಜೇಶರಿಗೆ ಮೊದಲ ಸಲ ಈ ಸಾಮಗ್ರಿ ಕೊಡಿಸಲು ಅವರ ತಂದೆ ಮನೆಯ ಹಸುವನ್ನು ಮಾರಿದರೆಂಬ ಸಂಗತಿ ಪತ್ರಿಕೆಗಳಲ್ಲಿ ಬಂದದ್ದೇ. ಜೀವನ್ ಬಿಮಾ ನಗರದ ಎರಡನೆಯ ಮಹಡಿಯಲ್ಲಿ ಮಾರಲು ಹಸುವೂ ಇಲ್ಲ. ನಿಯಮ ಮಾಡುವವರು ಅಗಲವನ್ನು ಅಳೆಯುತ್ತಾರೆ. ಹರಿದ ಪ್ಯಾಡು ಯಾಕೆ ಹರಿದೇ ಇದೆಯೆಂದು ಅಳೆಯುವ ಟೇಪು ಯಾರ ಬಳಿಯೂ ಇಲ್ಲ. ಅಂಪೈರರ ತೀರ್ಪು ಸರಿ. ನನ್ನ ತಾಯಿಯವರ ಭಯವೂ ಸರಿ. ಕೂಗಿದ ಹುಡುಗನ ಮಾತು ಮಾತ್ರ ತಪ್ಪು. ಆದರೆ ಅವನಿಗೆ ಟೇಪು ಕಂಡಿತ್ತು, ಹಾಸಿಗೆಯ ಹತ್ತಿ ಕಂಡಿರಲಿಲ್ಲ.

ನಾನು ಇಷ್ಟು ತೀರ್ಪು ಕೊಡುವಷ್ಟರಲ್ಲಿ ಹುಡುಗ ಪ್ಯಾಡೊಂದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. “ಅಜ್ಜಿ, ಪೆಟ್ಟಾಗಿದ್ದು ಅಂಚಿನಲ್ಲಲ್ಲ. ಇಲ್ಲಿ, ಮೊಣಕಾಲ ಕೆಳಗೆ. ಒಳಗಡೆ ಫೋಮು ಕುಸಿದುಹೋಗಿದೆ ನೋಡಿ.” ಅವರು ಬೆರಳಿಟ್ಟು ಒತ್ತಿ ನೋಡಿದರು. ನಿಜವೇ. ಹತ್ತಿ ಬೇಕಾಗಿದ್ದುದು ಪಕ್ಕಕ್ಕಲ್ಲ, ಒಳಕ್ಕೆ.

ಹಳೆಯ ಬ್ಲೇಡೊಂದು ಬಂತು. ಇಮ್ಮಡಿ ದಾರದ ಹೊಲಿಗೆಯನ್ನು ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ರಾತ್ರಿ ಊಟ ತಡವಾಯಿತು. ಗೋಟಿನಿಂದ ತೆಗೆದ ಹತ್ತಿಯನ್ನು ತೆಳ್ಳನೆಯ ದಿಂಬಿನಂತೆ ಮಾಡಿ, ಕಾಲಿಗೆ ತಾಗುವ ಒಳಮೈಗೆ ಸೇರಿಸಿ, ಮೇಲೆ ನನ್ನದೊಂದು ಹಳೆಯ ಖಾದಿ ಷರಟಿನ ತುಂಡು ಹಾಕಿ ಹೊಲಿದರು. ಒಡೆದ ಅಂಚಿಗೆ ಹುಡುಗ ಗಟ್ಟಿಯಾದ ಟೇಪು ಸುತ್ತಿದ. ಆಮೇಲೆ ಎರಡನ್ನೂ ಕಾಲಿಗೆ ಕಟ್ಟಿಕೊಂಡು ಪಡಸಾಲೆಯ ನಡುವೆ ನಿಂತ. ನಾನು ಅಳೆದೆ. 294.

ನನ್ನ ತಾಯಿಯವರು ಕನ್ನಡಕವನ್ನು ಸೆರಗಿನಲ್ಲಿ ಒರಸಿಕೊಂಡು, ಇನ್ನೊಂದು ಕಾಲಿನದನ್ನೂ ಅಳೆಯೆಂದರು.